ತುಪ್ಪುಳದ ಹೊದಿಕೆ ಕೊಳ್ಳುವ ಮುನ್ನ

ಆಗಸ್ಟ್, ಸೆಪ್ಟೆಂಬರ್ ಬಂತೆಂದರೆ ನಮ್ಮ ಮಕ್ಕಳು ಓದಲೆಂದು ಜರ್ಮನಿ, ಕೆನಡಾ, ಅಮೆರಿಕ, ಇಂಗ್ಲೆಂಡಿಗೆ ಹೊರಡುವ ಕಾಲ. ಮಗಳ ಬಾಣಂತನಕ್ಕೆಂದು ಹೊರಡುವ ಅಪ್ಪ ಅಮ್ಮಂದಿರಂತೂ ವರ್ಷವಿಡೀ ಇರುತ್ತಾರೆ. ಸೂಟ್‌ಕೇಸಿನಲ್ಲಿ ಸಾರಿನ ಪುಡಿಗೂ ಸ್ವೆಟರಿಗೂ ಹೇಗೋ ಜಾಗವಾಗುತ್ತದೆ, ರಜಾಯಿಗೆ ಆಗುವುದಿಲ್ಲ. ಹಾಗಾಗಿ ಅಲ್ಲಿಗೆ ಹೋದ ಮೊದಲ ವಾರದಲ್ಲೇ ಕೊಳ್ಳಬೇಕಾಗುವ ಸಾಮಾನುಗಳಲ್ಲಿ ಹೊದಿಕೆಯೂ ಒಂದು. ಅಂಗಡಿಯಲ್ಲಿ ಎದುರಾಗುವುದು ಡೌನ್ ಕಂಫರ್ಟರ್. ಇಂಗ್ಲೆಂಡಿನಲ್ಲಾದರೆ ಅದನ್ನೇ ಡುವೆ ಎನ್ನುತ್ತಾರೆ. ಹೆಬ್ಬಾತಿನ ಅಥವಾ ಬಾತುಕೋಳಿಯ ಮೈಯ ಮೃದುವಾದ ತುಪ್ಪುಳ ತುಂಬಿದ, ಉಬ್ಬಿಕೊಂಡ, ಹೆಚ್ಚಾಗಿ ಬಿಳಿ ಬಣ್ಣದ ಹೊದಿಕೆ ಅದು.

ಒಂದೇ ಅಳತೆಯ, ನೋಡಲು ಒಂದೇ ಥರ ಕಾಣುವ ಎರಡು ಹೊದಿಕೆಗಳಲ್ಲಿ ಒಂದರ ಬೆಲೆ ಇನ್ನೊಂದರ ಐದಾರು ಪಟ್ಟು ಇರಬಹುದು. ಚೀಟಿ ತಿರುಗಿಸಿ ನೋಡಿದರೆ ಅಂಕಿಗಳ ಸಾಲು: ಫಿಲ್ ಪವರ್ 700, ಡೌನ್ 90%, ಫೆದರ್ 10%, ಥ್ರೆಡ್ ಕೌಂಟ್ 400, ಟಾಗ್ 10.5, ಬ್ಯಾಫಲ್ ಬಾಕ್ಸ್. ತಲೆಬುಡ ತಿಳಿಯದೆ ಕೆಲವರು ಎಲ್ಲಕ್ಕಿಂತ ಅಗ್ಗದ್ದನ್ನು ತರುತ್ತಾರೆ, ಕೆಲವರು ದುಬಾರಿಯಾಗಿದ್ದರೆ ಒಳ್ಳೆಯದೇ ಇರಬೇಕೆಂದು ನಂಬಿ ಎಲ್ಲಕ್ಕಿಂತ ತುಟ್ಟಿಯದನ್ನು ತರುತ್ತಾರೆ. ಮೊದಲಿನವರು ರಾತ್ರಿ ನಡುಗುತ್ತಾರೆ, ಎರಡನೆಯವರು ಬೆವರುತ್ತಾರೆ. ಈ ಅಂಕಿಗಳನ್ನು ಓದಲು ವಿಶೇಷ ಓದು ಬೇಕಿಲ್ಲ. ಹೊದಿಕೆಯ ಅಂಗಡಿಯಲ್ಲಿ ನಾವು ದುಡ್ಡು ಕೊಟ್ಟು ಕೊಳ್ಳುವುದು ಕದಲದೆ ನಿಂತ ಗಾಳಿಯನ್ನು ಎಂಬ ಒಂದು ಸಂಗತಿ ಮನಸ್ಸಿನಲ್ಲಿದ್ದರೆ ಸಾಕು, ಮಿಕ್ಕಿದ್ದೆಲ್ಲ ಅದರಿಂದಲೇ ಅರ್ಥವಾಗುತ್ತದೆ.

ಬಿಸಿ ಯಾರದು?

ಯಾವ ಹೊದಿಕೆಯೂ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ. ಬಿಸಿ ನಮ್ಮ ಮೈಯದು. ನಿದ್ದೆಯಲ್ಲಿರುವಾಗಲೂ ದೊಡ್ಡವರ ದೇಹ ಸುಮಾರು 70 ವ್ಯಾಟ್‌ನಷ್ಟು ಶಾಖವನ್ನು ಹೊರಬಿಡುತ್ತಲೇ ಇರುತ್ತದೆ. ಅದು ಕೋಣೆಯ ತಂಪಿಗೆ ಸೋರಿಹೋಗದಂತೆ ತಡೆಯುವುದಷ್ಟೇ ಹೊದಿಕೆಯ ಕೆಲಸ. ನಿಂತ ಗಾಳಿಯ ಮೂಲಕ ಶಾಖ ಬಹಳ ನಿಧಾನವಾಗಿ ಸಾಗುತ್ತದೆ. ನೀರಿನ ಮೂಲಕ ಅದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಸಲೀಸಾಗಿ ಸಾಗುತ್ತದೆ. ಆದರೆ ಗಾಳಿ ಅಲುಗಾಡತೊಡಗಿದರೆ ತನ್ನೊಂದಿಗೆ ಶಾಖವನ್ನೂ ಹೊತ್ತೊಯ್ಯುತ್ತದೆ. ಅದನ್ನು ಸಣ್ಣ ಸಣ್ಣ ಸಂದುಗಳಲ್ಲಿ ಕೂಡಿಹಾಕಿ ಅಲುಗದಂತೆ ಮಾಡಬೇಕು. ನಮ್ಮ ಕುರುಬರು ನೇಯುವ ಕರಿಯ ಕಂಬಳಿ, ಉತ್ತರ ಕರ್ನಾಟಕದ ಅಜ್ಜಿಯಂದಿರು ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿಯುವ ಕೌದಿ, ಹತ್ತಿ ತುಂಬಿದ ರಜಾಯಿ ಎಲ್ಲವೂ ಮಾಡುವುದು ಇದನ್ನೇ.

ತುಪ್ಪುಳ ಇದೇ ಕೆಲಸವನ್ನು ಅತಿ ಕಡಿಮೆ ತೂಕದಲ್ಲಿ ಮಾಡುತ್ತದೆ. ಹೆಬ್ಬಾತಿನ ಹೊರಮೈಯ ಗರಿ ಚಪ್ಪಟೆಯಾಗಿರುತ್ತದೆ, ನಡುವೆ ಗಟ್ಟಿ ದಂಟಿರುತ್ತದೆ. ಹಾರುವುದಕ್ಕೆ, ನೀರು ಒಳಗಿಳಿಯದಂತೆ ತಡೆಯುವುದಕ್ಕೆ ಆ ಗರಿ. ಅದರಡಿ, ಮುಖ್ಯವಾಗಿ ಎದೆ ಹೊಟ್ಟೆಗಳ ಮೇಲೆ, ದಂಟಿಲ್ಲದ ಇನ್ನೊಂದು ಪದರವಿದೆ. ಎಕ್ಕದ ಕಾಯಿ ಒಡೆದಾಗ ಬೀಜದ ತುದಿಯಲ್ಲಿ ಬಿಚ್ಚಿಕೊಳ್ಳುವ ಬಿಳಿ ಎಳೆಗಳ ಹಾಗೆ, ಒಂದು ನಡುಬಿಂದುವಿನಿಂದ ಸುತ್ತಲೂ ಹರಡಿಕೊಂಡ ನವಿರಾದ ಎಳೆಗಳ ಗುಚ್ಛ. ಪ್ರತಿ ಎಳೆಗೂ ಇನ್ನೂ ಸೂಕ್ಷ್ಮವಾದ ಕವಲುಗಳು. ಒತ್ತಿದರೆ ಮುದುಡುತ್ತದೆ, ಬಿಟ್ಟರೆ ಮತ್ತೆ ಅರಳುತ್ತದೆ. ಅರಳಿದಷ್ಟೂ ಅದರೊಳಗೆ ಗಾಳಿ ನಿಲ್ಲುತ್ತದೆ. ಹಿಮದ ನೀರಿನಲ್ಲಿ ತೇಲುವ ಹಕ್ಕಿಯ ಮೈಯನ್ನು ಬೆಚ್ಚಗಿಡುವುದು ಈ ಪದರವೇ.

1922ರಲ್ಲಿ ಎವರೆಸ್ಟ್ ಏರಲು ಹೊರಟ ಬ್ರಿಟಿಷ್ ತಂಡದಲ್ಲಿ ಜಾರ್ಜ್ ಫಿಂಚ್ ಎಂಬ ರಸಾಯನಶಾಸ್ತ್ರಜ್ಞರಿದ್ದರು. ಅವರು ಬಲೂನಿಗೆ ಬಳಸುವ ಬಟ್ಟೆಯೊಳಗೆ ಐಡರ್ ಬಾತಿನ ತುಪ್ಪುಳ ತುಂಬಿಸಿ ಕೋಟು ಮಾಡಿಸಿಕೊಂಡಿದ್ದರು. ಉಣ್ಣೆ, ಟ್ವೀಡ್ ತೊಟ್ಟುಕೊಂಡೇ ಹಿಮಪರ್ವತ ಹತ್ತುತ್ತಿದ್ದ ಕಾಲ ಅದು. ಆ ಸಲ ಫಿಂಚ್, ಜೆಫ್ರಿ ಬ್ರೂಸ್ ಅವರ ಜೊತೆ 8,300 ಮೀಟರಿಗೂ ಮೇಲೆ ಹೋಗಿ ಸುರಕ್ಷಿತವಾಗಿ ಇಳಿದರು. ಅಲ್ಲಿಯವರೆಗೆ ಪರ್ವತದ ಮೇಲೆ ಯಾರೂ ಅಷ್ಟು ಎತ್ತರ ಮುಟ್ಟಿರಲಿಲ್ಲ. ಇವತ್ತು ಹಿಮಾಲಯದ ತುದಿಗೆ ಹೊರಡುವವರು ತೊಡುವ ಉಬ್ಬಿದ ಕೋಟು, ನಾವು ಮಂಚದ ಮೇಲೆ ಹರಡಿಕೊಳ್ಳುವ ಹೊದಿಕೆ, ಎರಡರ ಲೆಕ್ಕಾಚಾರವೂ ಒಂದೇ.

ಚೀಟಿಯ ಮೇಲಿನ ಅಂಕಿಗಳು

ಮೊದಲನೆಯದು ಫಿಲ್ ಪವರ್. ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ತುಪ್ಪುಳವನ್ನು ಕೊಳವೆಯಾಕಾರದ ಪಾತ್ರೆಗೆ ಹಾಕಿ, ಮೇಲೆ ಗೊತ್ತಾದ ತೂಕದ ಬಿಲ್ಲೆ ಇಡುತ್ತಾರೆ. ಆಗ ಅದು ಎಷ್ಟು ಘನ ಇಂಚು ಜಾಗವನ್ನು ತುಂಬಿಕೊಳ್ಳುತ್ತದೋ ಅದೇ ಫಿಲ್ ಪವರ್. 600 ಎಂದರೆ ಆ 28 ಗ್ರಾಂ ಸುಮಾರು 9.8 ಲೀಟರ್ ಜಾಗ ತುಂಬುತ್ತದೆ. 800 ಎಂದರೆ ಸುಮಾರು 13.1 ಲೀಟರ್. ಬಲಿತ ಹಕ್ಕಿಯ ಗುಚ್ಛಗಳು ದೊಡ್ಡವಾಗಿರುತ್ತವೆ, ಹೆಚ್ಚು ಅರಳುತ್ತವೆ, ಅದಕ್ಕೇ ಅವುಗಳ ಅಂಕಿಯೂ ಬೆಲೆಯೂ ಹೆಚ್ಚು. ಐನೂರು, ಆರುನೂರರ ಆಸುಪಾಸಿನದು ಸಾಧಾರಣ, ಏಳುನೂರರದು ಒಳ್ಳೆಯದು, ಎಂಟುನೂರು ದಾಟಿದ್ದು ಉತ್ತಮೋತ್ತಮ ಎಂದು ಮಾರುಕಟ್ಟೆ ಎಣಿಸುತ್ತದೆ.

ಹೆಚ್ಚಿನವರು ಎಡವುವುದು ಇಲ್ಲಿಯೇ. ಫಿಲ್ ಪವರ್ ಹೇಳುವುದು ತುಪ್ಪುಳದ ಗುಣವನ್ನು ಮಾತ್ರ. ಒಳಗೆ ಎಷ್ಟು ತುಂಬಿದ್ದಾರೆ ಎಂಬುದನ್ನು ಹೇಳುವುದು ಫಿಲ್ ವೇಟ್, ಅಂದರೆ ಬಟ್ಟೆಯನ್ನು ಬಿಟ್ಟು ಬರೀ ತುಪ್ಪುಳದ ತೂಕ. ಬೆಚ್ಚಗಿಡುವುದು ಇವೆರಡರ ಗುಣಾಕಾರ. ಲೆಕ್ಕ ಹಾಕಿ ನೋಡಿ: 800 ಫಿಲ್ ಪವರಿನ 700 ಗ್ರಾಂ ತುಪ್ಪುಳ ಹಿಡಿಯುವಷ್ಟು ಗಾಳಿಯನ್ನು 600 ಫಿಲ್ ಪವರಿನ ಸುಮಾರು 930 ಗ್ರಾಂ ತುಪ್ಪುಳವೂ ಹಿಡಿಯುತ್ತದೆ. ಬೆಚ್ಚಗಿಡುವುದರಲ್ಲಿ ಎರಡೂ ಹೆಚ್ಚುಕಡಿಮೆ ಸಮ. ವ್ಯತ್ಯಾಸವಿರುವುದು ತೂಕದಲ್ಲಿ, ಕಾಲು ಕಿಲೋಕ್ಕಿಂತ ಕಡಿಮೆ. ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತುವವರಿಗೆ ಅದು ದೊಡ್ಡ ಭಾರ. ಮಂಚ ಬಿಟ್ಟು ಕದಲದ ಹೊದಿಕೆಗೆ ಆ ಕಾಲು ಕಿಲೋ ಉಳಿಸಲು ದುಪ್ಪಟ್ಟು ಹಣ ಕೊಡಬೇಕೇ? ಸಾಮಾನ್ಯ ಮನೆಗೆ 600ರಿಂದ 700ರ ನಡುವಿನ ಫಿಲ್ ಪವರ್, ಅದಕ್ಕೆ ತಕ್ಕ ತೂಕ ಇದ್ದರೆ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕೈಕಾಲು ನೋವಿರುವ, ಮೈಮೇಲೆ ಭಾರ ಸಹಿಸದ ಹಿರಿಯರಿಗೆ ಮಾತ್ರ ಹೆಚ್ಚಿನ ಅಂಕಿಯ ಹಗುರ ಹೊದಿಕೆ ನಿಜವಾಗಿ ಬೇಕಾಗುತ್ತದೆ. ಇನ್ನೊಂದು ಎಚ್ಚರ: ಫಿಲ್ ಪವರನ್ನು ದಪ್ಪಕ್ಷರದಲ್ಲಿ ಮುದ್ರಿಸಿ ಫಿಲ್ ವೇಟನ್ನು ಎಲ್ಲಿಯೂ ಹೇಳದ ಚೀಟಿ ಅರ್ಧ ಮಾತ್ರ ಹೇಳುತ್ತಿದೆ. ಕೇಳಿ. ಉತ್ತರ ಸಿಗದಿದ್ದರೆ ಬೇರೆಯದನ್ನು ನೋಡಿ.

ಇನ್ನು ಶೇಕಡಾವಾರು. ತುಪ್ಪುಳವನ್ನು ಗರಿಯಿಂದ ಪೂರ್ತಿಯಾಗಿ ಬೇರ್ಪಡಿಸುವುದು ಕಷ್ಟ, ದುಬಾರಿ ಕೂಡ. ಆದ್ದರಿಂದ ಸ್ವಲ್ಪ ಗರಿ ಸೇರಿಯೇ ಇರುತ್ತದೆ. ಅಮೆರಿಕದ ಉದ್ಯಮ ಪಾಲಿಸುವ ಮಾನದಂಡದ ಪ್ರಕಾರ ಬರೀ 'ಡೌನ್' ಎಂದು ಬರೆದುಕೊಳ್ಳಲು ತುಪ್ಪುಳದ ಗುಚ್ಛ ಕನಿಷ್ಠ 75% ಇರಬೇಕು. 90% ಇದ್ದರೆ ಒಳ್ಳೆಯದು. 'ಫೆದರ್ ಅಂಡ್ ಡೌನ್' ಎಂದು ಗರಿಯ ಹೆಸರು ಮೊದಲು ಬಂದಿದ್ದರೆ ಒಳಗೆ ಗರಿಯೇ ಹೆಚ್ಚು ಎಂದು ತಿಳಿಯಿರಿ. ಅದು ಅಗ್ಗ, ಆದರೆ ಭಾರ. ದಂಟಿನ ಚೂಪು ತುದಿ ಬಟ್ಟೆ ತೂರಿ ಬಂದು ಚುಚ್ಚುವುದೂ ಉಂಟು. ಹೆಬ್ಬಾತಿನದೋ ಬಾತುಕೋಳಿಯದೋ ಎಂಬ ಪ್ರಶ್ನೆಗೆ ಜನ ಕೊಡುವಷ್ಟು ಮಹತ್ವ ಬೇಕಿಲ್ಲ. ಹೆಬ್ಬಾತು ದೊಡ್ಡ ಹಕ್ಕಿ, ಹಾಗಾಗಿ ಅದರ ಗುಚ್ಛವೂ ಸಾಮಾನ್ಯವಾಗಿ ದೊಡ್ಡದು. ಆದರೆ ಫಿಲ್ ಪವರ್ 650 ಎಂದಿದ್ದರೆ ಯಾವ ಹಕ್ಕಿಯದಾದರೂ ಅದು 650ರದೇ. 'ಸೈಬೀರಿಯನ್', 'ಹಂಗೇರಿಯನ್' ಎಂಬ ದೊಡ್ಡ ಹೆಸರುಗಳಿಗೆ ಸೋಲುವ ಮೊದಲು ಅಂಕಿ ನೋಡಿ.

ಟಾಗ್ ಬ್ರಿಟನ್ನಿನ ಅಳತೆ. 1940ರ ದಶಕದಲ್ಲಿ ಮ್ಯಾಂಚೆಸ್ಟರಿನ ಶರ್ಲಿ ಇನ್‌ಸ್ಟಿಟ್ಯೂಟ್ ಎಂಬ ಜವಳಿ ಸಂಶೋಧನಾಲಯ ಇದನ್ನು ರೂಪಿಸಿತು. ಇದರಿಂದ ಕೊಳ್ಳುವವರಿಗೆ ದೊಡ್ಡ ಉಪಕಾರವಾಗಿದೆ. ಏಕೆಂದರೆ ಒಳಗೆ ಏನು ತುಂಬಿದೆ ಎಂಬುದನ್ನು ಇದು ಲೆಕ್ಕಿಸುವುದೇ ಇಲ್ಲ. ಇಡೀ ಹೊದಿಕೆ ಶಾಖವನ್ನು ಎಷ್ಟು ತಡೆಯುತ್ತದೆ ಎಂದಷ್ಟೇ ನೋಡುತ್ತದೆ. ತುಪ್ಪುಳ, ಉಣ್ಣೆ, ಪಾಲಿಯೆಸ್ಟರ್ ಎಲ್ಲಕ್ಕೂ ಒಂದೇ ಮಾನ. ಬೇಸಿಗೆಗೆ 3ರಿಂದ 4.5, ವಸಂತ ಮತ್ತು ಶರತ್ಕಾಲಕ್ಕೆ 7ರಿಂದ 10.5, ಚಳಿಗಾಲಕ್ಕೆ 12ರಿಂದ 13.5 ಟಾಗ್ ಎಂಬುದು ಅಲ್ಲಿನ ರೂಢಿ. 4.5 ಮತ್ತು 9 ಟಾಗ್‌ನ ಎರಡು ಹೊದಿಕೆಗಳನ್ನು ಗುಂಡಿ ಹಾಕಿ ಜೋಡಿಸಿ 13.5 ಮಾಡಿಕೊಳ್ಳುವ ಜೋಡಿಗಳೂ ಸಿಗುತ್ತವೆ. ಒಂದೇ ಸಲದ ಖರ್ಚಿನಲ್ಲಿ ಮೂರು ಋತುವನ್ನು ಕಳೆಯಬಹುದು. ಬಾಡಿಗೆ ಕೋಣೆಯಲ್ಲಿರುವ ವಿದ್ಯಾರ್ಥಿಗಳಿಗೆ ಇದು ಜಾಣ ಆಯ್ಕೆ.

ಥ್ರೆಡ್ ಕೌಂಟ್ ಎಂಬುದು ಹೊರಬಟ್ಟೆಯ ಒಂದು ಚದರ ಇಂಚಿನಲ್ಲಿರುವ ನೂಲುಗಳ ಸಂಖ್ಯೆ. ತುಪ್ಪುಳ ಹೊರಬರದಷ್ಟು ಬಟ್ಟೆ ದಟ್ಟವಾಗಿರಬೇಕು, ನಿಜ. ಅದಕ್ಕೆ 230ರಿಂದ 400ರ ಒಳಗಿನ ಒಳ್ಳೆಯ ಹತ್ತಿಬಟ್ಟೆ ಸಾಕು. 800, 1,000 ಎಂದು ಬರೆದುಕೊಂಡವು ಬಹುಪಾಲು ಹುರಿಮಾಡಿದ ನೂಲಿನ ಎಳೆಗಳನ್ನು ಬೇರೆ ಬೇರೆಯಾಗಿ ಎಣಿಸಿ ಬಂದ ಸಂಖ್ಯೆಗಳು. ಹಾಗೆ ದಪ್ಪಗಾದ ಬಟ್ಟೆ ತನ್ನ ಭಾರದಿಂದ ತುಪ್ಪುಳವನ್ನೇ ಅದುಮುತ್ತದೆ. ದುಬಾರಿ ಬಟ್ಟೆ ಹೊದಿಸಿ, ದುಡ್ಡು ಕೊಟ್ಟು ತಂದ ಗಾಳಿಯನ್ನು ಹೊರಗೆ ಹಿಂಡಿದಂತಾಗುತ್ತದೆ.

ಹೊಲಿಗೆಯ ದಾರಿ

ತುಪ್ಪುಳವನ್ನು ಒಂದು ಚೀಲದಲ್ಲಿ ಹಾಗೇ ತುಂಬಿದರೆ ಅದೆಲ್ಲ ಕಾಲ ಬಳಿ ಜಾರಿಕೊಳ್ಳುತ್ತದೆ. ಅದಕ್ಕೇ ಚೌಕಗಳಾಗಿ ಹೊಲಿಯುವುದು. ಹೊಲಿಯುವ ಬಗೆ ಎರಡು. ಮೇಲಿನ ಬಟ್ಟೆ, ಕೆಳಗಿನ ಬಟ್ಟೆ ಎರಡನ್ನೂ ಸೇರಿಸಿ ನೇರವಾಗಿ ಹೊಲಿದುಬಿಡುವುದು ಒಂದು. ಅಗ್ಗ, ಸುಲಭ. ಆದರೆ ಹೊಲಿಗೆ ಬಿದ್ದಲ್ಲೆಲ್ಲ ತುಪ್ಪುಳವೇ ಇರುವುದಿಲ್ಲ, ಆ ಗೆರೆಗುಂಟ ತಂಪು ಒಳಗಿಳಿಯುತ್ತದೆ. ಎರಡನೆಯದು ಬ್ಯಾಫಲ್ ಬಾಕ್ಸ್. ಇದರಲ್ಲಿ ಎರಡು ಬಟ್ಟೆಗಳ ನಡುವೆ ಒಂದೆರಡು ಇಂಚಿನ ಬಟ್ಟೆಪಟ್ಟಿಗಳನ್ನು ನಿಲ್ಲಿಸಿ ಹೊಲಿಯುತ್ತಾರೆ. ಪ್ರತಿ ಚೌಕವೂ ಒಂದು ಪುಟ್ಟ ಪೆಟ್ಟಿಗೆಯಾಗಿ, ತುಪ್ಪುಳ ಅಂಚಿನವರೆಗೂ ಅರಳುತ್ತದೆ. ನಿಜವಾದ ಚಳಿಗೆ ಕೊಳ್ಳುವುದಾದರೆ ಬ್ಯಾಫಲ್ ಬಾಕ್ಸನ್ನೇ ಕೊಳ್ಳಿ. ಬೇಸಿಗೆಗೆ, ಇಲ್ಲವೇ ಏಸಿ ಕೋಣೆಗೆ ಬೇಕಾದ ತೆಳು ಹೊದಿಕೆಗೆ ನೇರ ಹೊಲಿಗೆ ಸಾಕು.

ನಾಲ್ಕು ಮೂಲೆಗಳಲ್ಲಿ ಕುಣಿಕೆಗಳಿವೆಯೇ ಎಂದೂ ನೋಡಿ. ಈ ಹೊದಿಕೆಗೆ ಗವಸು ಹಾಕಿಯೇ ಬಳಸಬೇಕು. ಕುಣಿಕೆಗೆ ಗವಸಿನ ದಾರ ಕಟ್ಟಿದರೆ ಒಳಗೆ ಮುದ್ದೆಯಾಗುವುದಿಲ್ಲ. ಗವಸನ್ನು ವಾರಕ್ಕೊಮ್ಮೆ ಒಗೆಯಬಹುದು, ಹೊದಿಕೆಯನ್ನು ಪದೇ ಪದೇ ಒಗೆಯುವ ಕಷ್ಟ ತಪ್ಪುತ್ತದೆ. ಬ್ರಿಟನ್ನಿನಲ್ಲಿ 1964ರಲ್ಲಿ ಟೆರೆನ್ಸ್ ಕಾನ್ರನ್ ತಮ್ಮ ಹ್ಯಾಬಿಟಾಟ್ ಮಳಿಗೆ ತೆರೆದು ಡುವೆಯನ್ನು ಜನಪ್ರಿಯಗೊಳಿಸಿದಾಗ ಮುಂದಿಟ್ಟ ದೊಡ್ಡ ಆಕರ್ಷಣೆಯೂ ಇದೇ ಸರಳತೆ. ಅಲ್ಲಿಯವರೆಗೆ ಹಾಸು, ಕಂಬಳಿ, ಮೇಲುಹೊದಿಕೆ ಎಂದು ಪದರಗಳನ್ನು ಬಿಗಿದು ಮಂಚ ಸಿದ್ಧಮಾಡುತ್ತಿದ್ದ ಮನೆಗಳಲ್ಲಿ ಒಂದೇ ಹೊದಿಕೆ ಕೊಡವಿದರೆ ಕೆಲಸ ಮುಗಿಯಿತು.

ಊರಿನ ಚಳಿಗಲ್ಲ, ಕೋಣೆಯ ಚಳಿಗೆ

ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕೆಂದಿರುವ ಮಾತು ಇದು. ಹೊರಗೆ ಎಷ್ಟು ಚಳಿಯಿದೆ ಎಂದು ನೋಡಿ ಹೊದಿಕೆ ಕೊಳ್ಳಬೇಡಿ, ಮಲಗುವ ಕೋಣೆಯಲ್ಲಿ ಎಷ್ಟಿದೆ ಎಂದು ನೋಡಿ. ಷಿಕಾಗೋದಲ್ಲಿ ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗಿದ್ದರೂ ಇಡೀ ಮನೆಗೆ ಹೀಟಿಂಗ್ ಇರುವ ಅಪಾರ್ಟ್‌ಮೆಂಟಿನ ಕೋಣೆ 20 ಡಿಗ್ರಿಯಲ್ಲಿರಬಹುದು. ಅದು ಬೆಂಗಳೂರಿನ ಜನವರಿಯ ರಾತ್ರಿಗಿಂತ ಬೆಚ್ಚಗೆ. ಅಲ್ಲಿ ಅತಿ ದಪ್ಪದ ಹೊದಿಕೆ ತಂದವರು ನಡುರಾತ್ರಿ ಅದನ್ನು ಒದ್ದು ಬದಿಗೆ ಸರಿಸುತ್ತಾರೆ. ಅದೇ ಇಂಗ್ಲೆಂಡಿನ ಹಳೆಯ ಮನೆಯಲ್ಲಿ, ವಿದ್ಯುತ್ ಮತ್ತು ಗ್ಯಾಸಿನ ಬಿಲ್ಲಿಗೆ ಹೆದರಿ ರಾತ್ರಿ ಹೀಟರ್ ಆರಿಸುವ ವಿದ್ಯಾರ್ಥಿಗಳ ಕೋಣೆ 14–15 ಡಿಗ್ರಿಗೆ ಇಳಿಯುವುದುಂಟು. ಹೊರಗಿನ ಚಳಿ ಷಿಕಾಗೋದಷ್ಟಿಲ್ಲದಿದ್ದರೂ ಅಲ್ಲಿ ಬೇಕಾಗುವುದು ದಪ್ಪ ಹೊದಿಕೆಯೇ. ಜರ್ಮನಿಯಲ್ಲಿ ಬಹಳ ಮಂದಿ ಮಲಗುವ ಕೋಣೆಯನ್ನು ಬೇಕೆಂದೇ ತಂಪಾಗಿಡುತ್ತಾರೆ, ಚಳಿಗಾಲದಲ್ಲೂ ಕಿಟಕಿ ತೆರೆದು ಗಾಳಿಯಾಡಿಸುತ್ತಾರೆ. ಆದ್ದರಿಂದ ಮೊದಲು ಕೊಳ್ಳಬೇಕಾದ್ದು ಒಂದು ಸಣ್ಣ ಥರ್ಮಾಮೀಟರ್. ಕೆಲವು ರಾತ್ರಿ ಅದನ್ನು ಮಂಚದ ಪಕ್ಕ ಇಟ್ಟು ನೋಡಿ, ಆಮೇಲೆ ಅಂಗಡಿಗೆ ಹೋಗಿ.

ಎರಡನೆಯದು, ಮೈಯ ಸ್ವಭಾವ. ವಯಸ್ಸಾದವರ ದೇಹದಲ್ಲಿ ಹುಟ್ಟುವ ಶಾಖ ಕಡಿಮೆ, ಥೈರಾಯ್ಡ್ ಕೊರತೆಯಿದ್ದವರಿಗೆ ಚಳಿ ಬೇಗ ತಾಗುತ್ತದೆ, ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರಿಗೆ ಇದ್ದಕ್ಕಿದ್ದಂತೆ ಸೆಕೆ. ಗಂಡನಿಗೆ ಹಿತವಾದ ಹೊದಿಕೆ ಹೆಂಡತಿಗೂ ಹಿತವಾಗಬೇಕೆಂದಿಲ್ಲ. ಇದಕ್ಕೆ ಜರ್ಮನಿ ಮತ್ತು ಸ್ಕ್ಯಾಂಡಿನೇವಿಯಾದ ಜನ ಸರಳ ದಾರಿ ಕಂಡುಕೊಂಡಿದ್ದಾರೆ: ಮಂಚ ಒಂದು, ಹೊದಿಕೆ ಎರಡು. ಒಬ್ಬೊಬ್ಬರಿಗೆ 135 ಅಥವಾ 140 ಸೆಂಟಿಮೀಟರ್ ಅಗಲ, 200 ಸೆಂಟಿಮೀಟರ್ ಉದ್ದದ್ದು. ಅವರವರ ಚಳಿಗೆ ಅವರವರ ಹೊದಿಕೆ, ರಾತ್ರಿ ಎಳೆದಾಟವಿಲ್ಲ. ಒಂದೇ ದೊಡ್ಡದು ಬೇಕೆನ್ನುವವರು ಹಾಸಿಗೆಯ ಎರಡೂ ಬದಿಗೆ ಒಂದಡಿಯಾದರೂ ಇಳಿಯುವ ಅಳತೆಯದನ್ನು ಕೊಳ್ಳಬೇಕು. ಬದಿಯಿಂದ ಗಾಳಿ ನುಗ್ಗಿದರೆ ಎಂಥ ತುಪ್ಪುಳವೂ ವ್ಯರ್ಥ.

ಕರ್ನಾಟಕದಲ್ಲಿ ಇದು ಬೇಕೇ? ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 1884ರ ಜನವರಿ 13ರ 7.8 ಡಿಗ್ರಿ. ಈಗಿನ ಜನವರಿಯ ರಾತ್ರಿಗಳು ಸಾಮಾನ್ಯವಾಗಿ 15–16 ಡಿಗ್ರಿಯ ಆಸುಪಾಸಿನಲ್ಲಿರುತ್ತವೆ, ಮನೆಯೊಳಗೆ ಅದಕ್ಕೂ ಹೆಚ್ಚು. ಅಷ್ಟಕ್ಕೆ ಕಂಬಳಿ ಅಥವಾ ಒಳ್ಳೆಯ ಹತ್ತಿಯ ರಜಾಯಿ ಧಾರಾಳವಾಯಿತು. ಬೀದರ್, ವಿಜಯಪುರಗಳ ಚಳಿ ಇದಕ್ಕಿಂತ ಚುರುಕಾದರೂ ಕೆಲವೇ ವಾರಗಳದು. ಕರಾವಳಿ, ಮಲೆನಾಡು, ಕೊಡಗಿನವರಂತೂ ತುಪ್ಪುಳದ ಗೋಜಿಗೆ ಹೋಗದಿರುವುದೇ ಲೇಸು. ತುಪ್ಪುಳಕ್ಕೆ ತೇವವೇ ಶತ್ರು. ಒದ್ದೆಯಾದರೆ ಗುಚ್ಛ ಅಂಟಿಕೊಂಡು ಮುದ್ದೆಯಾಗುತ್ತದೆ, ಗಾಳಿ ನಿಲ್ಲುವುದಿಲ್ಲ. ತಿಂಗಳುಗಟ್ಟಲೆ ಬಿಡದ ಮಳೆಯಲ್ಲಿ ಬೂಸಲು ವಾಸನೆ ಹಿಡಿಯುತ್ತದೆ. ಉಣ್ಣೆ ಹಾಗಲ್ಲ, ಸ್ವಲ್ಪ ತೇವ ಹೀರಿಯೂ ಬೆಚ್ಚಗೇ ಇರುತ್ತದೆ. ಮಲೆನಾಡಿನ ರೈತ ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಗಿಳಿಯುತ್ತಿದ್ದುದು ಈ ಗುಣವನ್ನು ತಿಳಿದೇ. ಚಳ್ಳಕೆರೆಯ ಕಂಬಳಿ ನಮ್ಮ ಹವೆಗೆ ಹೊಂದುವಷ್ಟು ಸೈಬೀರಿಯದ ತುಪ್ಪುಳ ಹೊಂದಲಾರದು.

ನಮ್ಮ ಅಂಗಡಿ, ಆನ್‌ಲೈನ್ ತಾಣಗಳಲ್ಲಿ 'ಕಂಫರ್ಟರ್' ಎಂದು ಸಿಗುವವು ಬಹುತೇಕ ಪಾಲಿಯೆಸ್ಟರ್ ಮೈಕ್ರೋಫೈಬರ್ ತುಂಬಿದವು. ಚೀಟಿಯಲ್ಲಿ 'ಡೌನ್ ಆಲ್ಟರ್ನೇಟಿವ್' ಎಂದಿದ್ದರೆ ಅದರಲ್ಲಿ ತುಪ್ಪುಳ ಇಲ್ಲವೆಂದೇ ಅರ್ಥ. ಇವುಗಳ ದಪ್ಪವನ್ನು ಜಿಎಸ್ಎಂನಲ್ಲಿ, ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ತುಂಬಿದೆ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಏಸಿ ಕೋಣೆಗೆ ತೆಳುವಾದದ್ದು, ಚಳಿಗೆ ದಪ್ಪನೆಯದು. ಮನೆಯ ವಾಷಿಂಗ್ ಮಷಿನ್ನಿನಲ್ಲಿ ಒಗೆಯಬಹುದು, ಬೇಗ ಒಣಗುತ್ತದೆ, ಬೆಲೆಯೂ ಕೈಗೆಟುಕುವಂಥದ್ದು. ಆದರೆ ಮೈಯ ಬೆವರಿನ ಆವಿಯನ್ನು ತುಪ್ಪುಳದಷ್ಟು ಚೆನ್ನಾಗಿ ಹೊರಬಿಡುವುದಿಲ್ಲ, ಕೆಲವೇ ವರ್ಷಗಳಲ್ಲಿ ಚಪ್ಪಟೆಯಾಗುತ್ತದೆ.

ಹಕ್ಕಿಯ ಪಾಲು

ಈ ತುಪ್ಪುಳ ಎಲ್ಲಿಂದ ಬಂತು ಎಂದು ಕೇಳದೆ ಕೊಳ್ಳುವುದು ಸರಿಯಲ್ಲ. ಜಗತ್ತಿನ ತುಪ್ಪುಳದ ಬಹುಪಾಲು ಬರುವುದು ಚೀನಾದಿಂದ. ಬಾತು, ಹೆಬ್ಬಾತುಗಳನ್ನು ಮಾಂಸಕ್ಕಾಗಿ ಸಾಕುತ್ತಾರೆ. ಕೊಂದ ಮೇಲೆ ತುಪ್ಪುಳ ತೆಗೆಯುತ್ತಾರೆ. ಇದು ಸಾಮಾನ್ಯ ಕ್ರಮ. ಇದಲ್ಲದೆ, ಬದುಕಿರುವ ಹಕ್ಕಿಯನ್ನು ಹಿಡಿದು ಮೈಯ ತುಪ್ಪುಳ ಕಿತ್ತು, ಮತ್ತೆ ಬೆಳೆಯಲು ಬಿಟ್ಟು ಮತ್ತೆ ಕೀಳುವ ಕ್ರೌರ್ಯವೂ ಕೆಲವು ಕಡೆ ನಡೆದುಬಂದಿದೆ. ಯಕೃತ್ತು ದಪ್ಪವಾಗಲೆಂದು ಗಂಟಲಿಗೆ ಕೊಳವೆ ತುರುಕಿ ಆಹಾರ ತುಂಬುವ ಸಾಕಣೆಯ ಹಕ್ಕಿಗಳ ತುಪ್ಪುಳವೂ ಮಾರುಕಟ್ಟೆಗೆ ಬರುತ್ತದೆ. ಇವೆರಡನ್ನೂ ನಿಷೇಧಿಸಿ, ಸಾಕಣೆಯಿಂದ ಅಂಗಡಿಯವರೆಗೆ ಪ್ರತಿ ಹಂತದ ದಾಖಲೆ ಕೇಳುವ 'ರೆಸ್ಪಾನ್ಸಿಬಲ್ ಡೌನ್ ಸ್ಟ್ಯಾಂಡರ್ಡ್' 2014ರಲ್ಲಿ ಜಾರಿಗೆ ಬಂತು. ಚೀಟಿಯ ಮೇಲೆ ಆರ್‌ಡಿಎಸ್ ಗುರುತು, ಇಲ್ಲವೇ ಯುರೋಪಿನ 'ಡೌನ್‌ಪಾಸ್' ಗುರುತು ಇದೆಯೇ ಎಂದು ಹುಡುಕಿ. ಗುರುತಿದ್ದ ಮಾತ್ರಕ್ಕೆ ಎಲ್ಲವೂ ನಿರ್ಮಲವೆಂದಲ್ಲ. ಆದರೆ ಗುರುತೇ ಇಲ್ಲದ ಕಡೆ ಯಾರೂ ಉತ್ತರ ಹೇಳಬೇಕಾಗಿಲ್ಲ.

ಹಕ್ಕಿಯನ್ನು ನೋಯಿಸದೆ ಸಿಗುವ ತುಪ್ಪುಳವೂ ಒಂದಿದೆ. ಐಸ್‌ಲ್ಯಾಂಡ್, ನಾರ್ವೆಯ ಕಡಲ ತೀರಗಳಲ್ಲಿ ಐಡರ್ ಎಂಬ ಕಾಡು ಬಾತು ಮೊಟ್ಟೆಯಿಡುವಾಗ ತನ್ನ ಎದೆಯ ತುಪ್ಪುಳವನ್ನು ತಾನೇ ಕಿತ್ತು ಗೂಡಿಗೆ ಹಾಸುತ್ತದೆ. ಅಲ್ಲಿನ ರೈತರು ನರಿ, ಮಿಂಕ್, ಕಾಗೆಗಳಿಂದ ಗೂಡುಗಳನ್ನು ಕಾಯುತ್ತಾರೆ, ಪ್ರತಿಯಾಗಿ ಆ ತುಪ್ಪುಳವನ್ನು ಕೈಯಿಂದ ಆರಿಸಿಕೊಳ್ಳುತ್ತಾರೆ. ಒಂದು ಕಿಲೋ ಕೂಡಿಸಲು ಸುಮಾರು 60 ಗೂಡು ಬೇಕು. ನಾರ್ವೆಯ ವೇಗಾ ದ್ವೀಪಗಳ ಜನ ಈ ಬಾತುಗಳಿಗೆಂದೇ ಪುಟ್ಟ ಮನೆಗಳನ್ನು ಕಟ್ಟಿಕೊಡುತ್ತಾರೆ. ಮನುಷ್ಯ ಮತ್ತು ಕಾಡುಹಕ್ಕಿಯ ಈ ಒಡನಾಟಕ್ಕಾಗಿಯೇ ಯುನೆಸ್ಕೊ 2004ರಲ್ಲಿ ಆ ದ್ವೀಪಸಮೂಹವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಡೀ ಜಗತ್ತಿಗೆ ವರ್ಷಕ್ಕೆ ಸಿಗುವುದು ಕೆಲವೇ ಟನ್. ಒಂದು ಹೊದಿಕೆಗೆ ಲಕ್ಷಗಟ್ಟಲೆ ರೂಪಾಯಿ. ನಮ್ಮಂಥವರು ಕೊಳ್ಳುವ ವಸ್ತುವಲ್ಲ, ಆದರೆ ಹೀಗೂ ಸಾಧ್ಯವಿದೆ ಎಂದು ತಿಳಿದಿರಬೇಕು.

ಸಸ್ಯಾಹಾರಿ ಮನೆಗಳಲ್ಲಿ ಬೆಳೆದವರಿಗೆ ಇದು ಮನಸ್ಸಾಕ್ಷಿಯ ಪ್ರಶ್ನೆ. ಊಟದಲ್ಲಿ ಬೇಡವಾದ ಹಕ್ಕಿ ಹೊದಿಕೆಯಲ್ಲಿ ಬೇಕೇ ಎಂದು ನೀವು ಕೇಳಿಕೊಂಡರೆ ಆ ಹಿಂಜರಿಕೆಗೆ ಗೌರವ ಕೊಡಿ. ಕುರಿಯನ್ನು ಕೊಲ್ಲದೆ ಕತ್ತರಿಸುವ ಉಣ್ಣೆ ತುಂಬಿದ ಡುವೆಗಳು ಬ್ರಿಟನ್, ನ್ಯೂಜಿಲೆಂಡ್‌ಗಳಲ್ಲಿ ಚೆನ್ನಾಗಿ ಸಿಗುತ್ತವೆ. ಹತ್ತಿಯಿದೆ, ಪಾಲಿಯೆಸ್ಟರಿದೆ. ರೇಷ್ಮೆ ತುಂಬಿದವು ಹಗುರ, ಹಿತ. ಆದರೆ ಗೂಡಿನೊಳಗಿನ ಹುಳು ಸತ್ತೇ ಆ ರೇಷ್ಮೆ ಬಂದಿರುತ್ತದೆ ಎಂಬುದು ರೇಷ್ಮೆ ಬೆಳೆಯುವ ನಾಡಿನ ನಮಗೆ ಹೇಳಿಕೊಡಬೇಕಾದ ಮಾತಲ್ಲ.

ಅಲರ್ಜಿ ಮತ್ತು ಎಳೆಗೂಸು

ತುಪ್ಪುಳ ಎಂದರೆ ಸೀನು, ಕೆಮ್ಮು ಎಂಬ ಭಯ ಹಲವರಿಗಿದೆ. ಆದರೆ ತುಪ್ಪುಳಕ್ಕೇ ಅಲರ್ಜಿ ಇರುವವರು ಕಡಿಮೆ. ಹೆಚ್ಚಿನವರನ್ನು ಕಾಡುವುದು ಹಾಸಿಗೆಯಲ್ಲಿ ಸೇರಿಕೊಳ್ಳುವ ದೂಳಿನ ನುಸಿ, ಇಲ್ಲವೇ ಸರಿಯಾಗಿ ತೊಳೆಯದ ತುಪ್ಪುಳದಲ್ಲಿನ ಕೊಳೆ. ಚೆನ್ನಾಗಿ ತೊಳೆದ ತುಪ್ಪುಳ, ದಟ್ಟ ನೇಯ್ಗೆಯ ಬಟ್ಟೆ, ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದ ಗವಸು ಇದ್ದರೆ ಬಹಳಷ್ಟು ತೊಂದರೆ ತಪ್ಪುತ್ತದೆ. ಅಸ್ತಮಾ ಇರುವವರು ಮಾತ್ರ ಕೊಳ್ಳುವ ಮೊದಲು ವೈದ್ಯರನ್ನು ಕೇಳಲೇಬೇಕು.

ಬಾಣಂತನಕ್ಕೆ ಹೋಗುವ ಅಜ್ಜಿಯಂದಿರಲ್ಲಿ ಒಂದು ಕಳಕಳಿಯ ವಿನಂತಿ. ಎಳೆಗೂಸಿಗೆ ಚಳಿಯಾದೀತೆಂದು ಮಮತೆಯಿಂದ ಈ ಮೆತ್ತನೆಯ ಹೊದಿಕೆ ಹೊದಿಸಬೇಡಿ. ಒಂದು ವರ್ಷ ತುಂಬುವವರೆಗೆ ಮಗು ಮಲಗುವ ಜಾಗದಲ್ಲಿ ಕಂಫರ್ಟರ್, ದಿಂಬು, ಮೆತ್ತನೆಯ ಯಾವುದೂ ಇರಬಾರದೆಂದು ಅಮೆರಿಕದ ಮಕ್ಕಳ ತಜ್ಞರ ಸಂಘ ಸ್ಪಷ್ಟವಾಗಿ ಹೇಳುತ್ತದೆ. ಮುಖದ ಮೇಲೆ ಬಿದ್ದರೆ ಸರಿಸಿಕೊಳ್ಳುವ ಶಕ್ತಿ ಆ ಕೈಗಳಿಗಿಲ್ಲ. ತೋಳು, ಕುತ್ತಿಗೆಗೆ ಸರಿಯಾಗಿ ಕೂರುವ, ಮಗುವಿಗೆ ತೊಡಿಸುವ ಮಲಗುಚೀಲ ಅಲ್ಲಿ ಎಲ್ಲ ಕಡೆ ಸಿಗುತ್ತದೆ, ಅದನ್ನೇ ಬಳಸಿ.

ಕೈಯಲ್ಲಿ ಹಿಡಿದು ನೋಡಿ

ಅಂಗಡಿಯಲ್ಲಿ ಕೊಳ್ಳುವುದಾದರೆ ನಾಲ್ಕು ಪರೀಕ್ಷೆ ಸಾಕು. ಅಂಗೈಯಿಂದ ಒತ್ತಿ ಬಿಡಿ. ಬೇಗ ಉಬ್ಬಿ ಮೊದಲಿನಂತಾಗಬೇಕು. ಬೆರಳುಗಳ ನಡುವೆ ಹಿಸುಕಿ ನೋಡಿ; ದಂಟು ಚುಚ್ಚಿದರೆ ಗರಿ ಹೆಚ್ಚಿದೆ. ಬೆಳಕಿಗೆ ಹಿಡಿಯಿರಿ, ಚೌಕದೊಳಗೆ ಅಲ್ಲಲ್ಲಿ ಬೆಳಕು ತೂರಿದರೆ ತುಂಬಿದ್ದು ಸಾಲದು. ಮೂಗಿನ ಬಳಿ ಹಿಡಿದು ಮೂಸಿ. ಒದ್ದೆ ಹಕ್ಕಿಯ ವಾಸನೆ ಬಂದರೆ ತೊಳೆದದ್ದು ಸರಿಯಿಲ್ಲ, ಮುಂದೆ ಸೆಕೆಯಲ್ಲಿ ಆ ವಾಸನೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಮನೆಗೆ ತಂದ ಮೇಲೆ ಆರೈಕೆಯೂ ಬೇಕು. ಬೆಳಗ್ಗೆ ಎದ್ದೊಡನೆ ಮಡಚಿಡದೆ ಸ್ವಲ್ಪ ಹೊತ್ತು ಹರಡಿ ಬಿಟ್ಟರೆ ರಾತ್ರಿಯ ಬೆವರಿನ ಪಸೆ ಆರುತ್ತದೆ. ಗವಸು ಹಾಕಿ ಬಳಸಿದರೆ ಒಂದೆರಡು ವರ್ಷಕ್ಕೊಮ್ಮೆ ಒಗೆದರೆ ಸಾಕು. ಮನೆಯ ಸಣ್ಣ ಯಂತ್ರದಲ್ಲಲ್ಲ, ಲಾಂಡ್ರಿಯ ದೊಡ್ಡ ಫ್ರಂಟ್ ಲೋಡಿಂಗ್ ಯಂತ್ರದಲ್ಲಿ, ಸೌಮ್ಯವಾದ ಸೋಪು ಸ್ವಲ್ಪವೇ ಹಾಕಿ. ಒಣಗಿಸುವುದೇ ದೊಡ್ಡ ಕೆಲಸ. ಡ್ರೈಯರಿನಲ್ಲಿ ಕಡಿಮೆ ಶಾಖದಲ್ಲಿ, ಮುದ್ದೆ ಬಿಡಿಸಲು ಎರಡು ಮೂರು ಶುಭ್ರ ಟೆನಿಸ್ ಚೆಂಡು ಹಾಕಿ, ಗಂಟೆಗಟ್ಟಲೆ ತಿರುಗಿಸಬೇಕು. ಹೊರಗೆ ಒಣಗಿದಂತೆ ಕಂಡರೂ ಒಳಗೆ ತೇವ ಉಳಿದಿದ್ದರೆ ಕೊಳೆಯುತ್ತದೆ. ಬೇಸಿಗೆಯಲ್ಲಿ ಎತ್ತಿಡುವಾಗ ಗಾಳಿ ಹೀರಿ ತಗಡಿನಂತಾಗಿಸುವ ಪ್ಲಾಸ್ಟಿಕ್ ಚೀಲ ಬೇಡ, ಗಾಳಿಯಾಡುವ ಹತ್ತಿಯ ಚೀಲ ಸಾಕು.

ಇಷ್ಟು ಮಾಡಿದರೆ ಒಳ್ಳೆಯ ತುಪ್ಪುಳದ ಹೊದಿಕೆ ಹತ್ತು ಹದಿನೈದು ವರ್ಷ ಬಾಳುತ್ತದೆ. ಅದರ ಬೆಲೆಗೆ ನ್ಯಾಯ ಸಿಗುವುದು ಆಗಲೇ. ಒಂದು ಹೊದಿಕೆಗೆ ಹಲವು ಹಕ್ಕಿಗಳ ತುಪ್ಪುಳ ಸೇರಿರುತ್ತದೆ. ಎರಡು ಚಳಿಗಾಲಕ್ಕೇ ಎಸೆದು ಇನ್ನೊಂದು ಕೊಳ್ಳುವವರು ತಮ್ಮ ಹಣದ ಜೊತೆಗೆ ಅಷ್ಟು ಜೀವಗಳ ಮೈಯನ್ನೂ ವ್ಯರ್ಥಮಾಡುತ್ತಾರೆ. ಆದ್ದರಿಂದ ಕೋಣೆಯ ಉಷ್ಣಾಂಶ ನೋಡದೆ ಅಂಗಡಿಗೆ ಹೋಗಬೇಡಿ, ತುಪ್ಪುಳದ ತೂಕ ಕೇಳದೆ ಬೆಲೆ ಕೇಳಬೇಡಿ, ಹಕ್ಕಿಯ ಗುರುತು ಕಾಣದೆ ಹಣ ಕೊಡಬೇಡಿ. ಕಂಬಳಿಯೇ ಸಾಕೆನಿಸಿದರೆ ಕೊಳ್ಳಲೇಬೇಡಿ. ಬೇಕೇ ಬೇಕೆನಿಸಿದರೆ ಒಂದನ್ನೇ, ಒಳ್ಳೆಯದನ್ನೇ ಕೊಂಡು, ಬಹುಕಾಲ ಜೋಪಾನ ಮಾಡಿ.